ಯಾರಿಗೂ ಭೇಷ್ ಎನ್ನದ ಅನಸೂಯಮ್ಮ

ಬಂಗಾರಪೇಟೆಯ ಮೊದಲ ರೈಲು ಚಿನ್ನದ ಗಣಿಯ ಉರಿಗಾಂ ನಿಲ್ದಾಣ ಬಿಟ್ಟು ಮುಂದೆ ಹೊರಟಾಗ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬದ ಕಡೆಯಿಂದ ಬೀಸುವ ಗಾಳಿಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಅನಸೂಯಮ್ಮ ಧರ್ಮಾಸ್ಪತ್ರೆಯ ಹಿಂದಿನ ತಗಡಿನ ಶೆಡ್ಡಿಗೆ ಬರುತ್ತಾರೆ. ಬೀಗ ತೆಗೆದು, ನೆಲ ಗುಡಿಸಿ, ಬೆಂಚಿನ ಮೇಲೆ ಖಾಲಿ ಗ್ಲೂಕೋಸ್ ಬಾಟಲಿಗಳನ್ನು ಜೋಡಿ ಜೋಡಿಯಾಗಿ ಇಡುತ್ತಾರೆ. ಪ್ರತಿ ಜೋಡಿಯಲ್ಲಿ ಒಂದಕ್ಕೆ ನೀರು ತುಂಬಿ, ಎರಡಕ್ಕೂ ರಬ್ಬರ್ ಕೊಳವೆ ಸಿಕ್ಕಿಸುತ್ತಾರೆ. ಊದಿದರೆ ಈ ಬಾಟಲಿಯ ನೀರು ಆ ಬಾಟಲಿಗೆ ಹೋಗಬೇಕು. ಗಣಿಯ ದೂಳು ಕುಡಿದ ಎದೆಗಳಿಗೆ ಇದು ದಿನದ ವ್ಯಾಯಾಮ.

ಹತ್ತು ಹನ್ನೆರಡು ಗಂಡಸರು ಒಬ್ಬೊಬ್ಬರಾಗಿ ಬಂದು ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಕಾಣಬಾರದು ಎಂಬುದು ಅನಸೂಯಮ್ಮನವರ ನಿಯಮ. ಇನ್ನೊಂದು ನಿಯಮವನ್ನು ಅವರು ತಮಗೇ ಹಾಕಿಕೊಂಡಿದ್ದಾರೆ. ಯಾರು ಎಷ್ಟು ಚೆನ್ನಾಗಿ ಊದಿದರೂ ಭೇಷ್ ಎನ್ನುವುದಿಲ್ಲ. ಇವರ ಬಗ್ಗೆ ಬರೆಯಲು ಬಂದ ನನಗೆ ಮೊದಲ ದಿನ ನೋಡಿದಾಗ ಈ ಹೆಂಗಸಿನ ಮನಸ್ಸು ಸ್ವಲ್ಪ ಗಟ್ಟಿಯೇನೋ ಅನ್ನಿಸಿತು. ಕಾರಣ ಕೇಳಿದ ಮೇಲೆ ಹಾಗೆ ಅಂದುಕೊಂಡದ್ದು ತಪ್ಪೆಂದು ತಿಳಿಯಿತು.

ಬಚ್ಚಪ್ಪ ಎಂಬವರೊಬ್ಬರು ಇಲ್ಲಿಗೆ ಬರುತ್ತಿದ್ದರು. ಒಂದು ದಿನ ಅವರ ನೀರು ಪೂರಾ ಆಚೆ ಬಾಟಲಿಗೆ ಹೋಯಿತು. ಖುಷಿಯಲ್ಲಿ ಅನಸೂಯಮ್ಮ ಎಲ್ಲರ ಮುಂದೆ ಭೇಷ್ ಎಂದರು, ಚಪ್ಪಾಳೆಯನ್ನೂ ಹೊಡೆಸಿದರು. ಮರುದಿನದಿಂದ ಬಚ್ಚಪ್ಪ ಬರಲಿಲ್ಲ. ಮನೆಗೆ ಹೋದರೆ ಅವರ ಹೆಂಡತಿ ಬಾಗಿಲಲ್ಲೇ ನಿಂತು, ನಮ್ಮ ಹೊಟ್ಟೆ ಮೇಲೆ ಹೊಡೆದೆಯಲ್ಲಮ್ಮ ಎಂದರಂತೆ. ಬಚ್ಚಪ್ಪ ಕೆಲಸಕ್ಕೆ ಅನರ್ಹರೆಂದು ಗಣಿಯ ವೈದ್ಯರ ಮಂಡಳಿ ಹೇಳಿದರೆ ಆ ಕೆಲಸ ಮಗನಿಗೆ ಸಿಗುತ್ತದೆಂದು ಮನೆಯವರೆಲ್ಲ ಕಾದಿದ್ದರು. ಚೆನ್ನಾಗಿ ಊದುತ್ತಾನೆ ಎಂಬ ಸುದ್ದಿ ಆಂಡರ್ಸನ್‌ಪೇಟೆಯವರೆಗೂ ಹೋಗಿತ್ತು. ವ್ಯಾಯಾಮ ಬಿಟ್ಟ ಬಚ್ಚಪ್ಪ ಆ ಚಳಿಗಾಲ ಕಳೆಯಲಿಲ್ಲ.

ಎಲ್ಲರ ಆಸೆಯೂ ಅದೇ ಅಲ್ಲ. ಡ್ರಿಲ್ಲಿಂಗ್ ಕೆಲಸದ ಚಿಕ್ಕಮುನಿಯಪ್ಪನವರಿಗೆ ಇಬ್ಬರೂ ಹೆಣ್ಣುಮಕ್ಕಳು. ಅನರ್ಹರೆಂದರೆ ಗಣಿಯವರು ಕೊಟ್ಟ ಲೈನಿನ ಮನೆ ಬಿಡಬೇಕು. ಅವರಿಗೆ ಮತ್ತೆ ಗಣಿಗೆ ಇಳಿಯಲೇಬೇಕು. ಅವರ ಜೊತೆಗೇ ದುಡಿದ ವೆಂಕಟೇಶಪ್ಪನವರ ಆಸೆ, ತಾವು ಅನರ್ಹರಾಗಿ ಆ ಕೆಲಸ ಮಗನಿಗೆ ಸಿಗಲಿ ಎಂದು. ಇಬ್ಬರೂ ಬರುವ ಮಂಗಳವಾರ ಅದೇ ಮಂಡಳಿಯ ಮುಂದೆ ನಿಲ್ಲಬೇಕು.

ಮಂಡಳಿ ಹೇಗೆ ತೀರ್ಮಾನಿಸುತ್ತದೆಂದು ತಿಳಿದವರಿಬ್ಬರನ್ನು ಕೇಳಿದೆ. ಎಕ್ಸ್‌ರೇ ನೋಡಿ ತೀರ್ಮಾನಿಸುತ್ತಾರೆ, ಊದುವುದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು ಒಬ್ಬರು. ಊದಿಸಿಯೂ ನೋಡುತ್ತಾರೆ ಎಂದರು ಇನ್ನೊಬ್ಬರು. ಯಾವುದು ಸರಿ ಎಂದು ಬರೆಯಲು ನನಗೆ ಧೈರ್ಯ ಸಾಲದು. ಶೆಡ್ಡಿನಲ್ಲಿ ಕೂತವರಂತೂ ಚೆನ್ನಾಗಿ ಊದಿದವನು ಕೆಲಸಕ್ಕೆ, ಊದದವನು ಮನೆಗೆ ಎಂದೇ ನಂಬಿದ್ದಾರೆ.

ಅನಸೂಯಮ್ಮ ಬಂಗಾರಪೇಟೆ ಹತ್ತಿರದ ಹಳ್ಳಿಯವರು. ಹಸು ಕರೆದು ಡೈರಿಗೆ ಹಾಲು ಹಾಕಿ ರೈಲು ಹಿಡಿಯುತ್ತಾರೆ. ಓದಿದ್ದು ಏಳನೇ ತರಗತಿ. ಕಸ ಗುಡಿಸಲು ಸೇರಿದವರು. ವ್ಯಾಯಾಮ ಕಲಿಸಲು ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ಬರುವುದು ನಿಂತ ಮೇಲೆ, ನೋಡಿ ಕಲಿತದ್ದನ್ನು ಇವರೇ ಮುಂದುವರಿಸಿದ್ದಾರೆ. ಎಲ್ಲರೂ ನರ್ಸಕ್ಕ ಎನ್ನುತ್ತಾರೆ. "ನರ್ಸ್ ಅಲ್ಲ ಸಾರ್, ಆಯಾ ಅಂತ ಬರ್ಕೊಳ್ಳಿ," ಎಂದು ತಿದ್ದುತ್ತಾರೆ.

ಇವತ್ತು ಚಿಕ್ಕಮುನಿಯಪ್ಪ ಜೋರಾಗಿ ಊದುತ್ತಾರೆ. ನೀರು ಗುಳುಗುಳು ಎಂದು ಆಚೆ ಹೋಗುತ್ತದೆ. ಹಿಂದೆ ತಿರುಗಿ, ಒಳಗೆ ಇಳಿಯಬಹುದಾ ನೋಡಿ ಹೇಳಕ್ಕ ಎನ್ನುತ್ತಾರೆ. ಅನಸೂಯಮ್ಮ ಇನ್ನೊಂದು ಸಲ ಊದು ಎಂದಷ್ಟೇ ಹೇಳುತ್ತಾರೆ. ಪಕ್ಕದ ವೆಂಕಟೇಶಪ್ಪನವರ ಕಡೆಯಿಂದ ಸದ್ದೇ ಇಲ್ಲ. ಚಿಕ್ಕಮುನಿಯಪ್ಪ ನಿಯಮ ಮುರಿದು ಇಣುಕುತ್ತಾರೆ.

"ಲೇ ಎಂಕಟೇಸ, ಕೊಳವೇಲಿ ಬೀಡಿ ಸೇದ್ತಿದ್ದೀಯೇನ್ಲಾ?"

ಒಂದಿಬ್ಬರು ನಗುತ್ತಾರೆ, ನಗು ಕೆಮ್ಮಾಗುತ್ತದೆ. ವೆಂಕಟೇಶಪ್ಪ ಕೊಳವೆ ಕೆಳಗಿಡುತ್ತಾರೆ. "ನೀನು ಊದು ಕಣ್ಲಾ, ನಿನ್ ಮನೆ ಉಳೀಲಿ. ನಾನು ಊದಿದ್ರೆ ನನ್ ಮಗನ ಕೆಲ್ಸ ಓಗ್ತದೆ."

ಎಲ್ಲರಿಗೂ ಗೊತ್ತಿದ್ದು ಇಲ್ಲಿ ಯಾರೂ ಆಡದ ಮಾತು ಅದು.  ಅನಸೂಯಮ್ಮ ವೆಂಕಟೇಶಪ್ಪನವರ ಎರಡೂ ಬಾಟಲಿಗಳನ್ನು ಎತ್ತಿ ಬೆಂಚಿನ ಕೆಳಗಿಡುತ್ತಾರೆ. ನೀರು ಬೇಡ, ಅಳತೆ ಬೇಡ, ತುಟಿ ಮುಂದೆ ಮಾಡಿ ಸುಮ್ಮನೆ ಗಾಳಿ ಬಿಡಣ್ಣ ಎನ್ನುತ್ತಾರೆ. ವೆಂಕಟೇಶಪ್ಪ ಬೇಡವೆಂದು ತಲೆಯಾಡಿಸುತ್ತಾರೆ. ಅವರ ಎದೆಯೊಳಗಿನ ಗೊರಗೊರ ಸದ್ದು ನನಗೂ ಕೇಳಿಸುತ್ತಿದೆ.

"ಕಫ ಈಚೆಗೆ ಬರ್ಲಿ ಅಣ್ಣ. ಮಂಗಳವಾರದ ತಂಕ ನೀನಿರಬೇಕಲ್ಲ."

"ನಾನಿಲ್ದೆ ಓದ್ರೂ ಮಗನಿಗೆ ಕೆಲ್ಸ ಕೊಡ್ತಾರಂತಲ್ಲಕ್ಕ," ಎನ್ನುತ್ತಾರೆ ಅವರು. ಮಳೆ ಬಿಸಿಲಿನ ವಿಷಯ ಮಾತಾಡುವವರ ಹಾಗಿದೆ ಧ್ವನಿ.

ಅನಸೂಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತುಬಿಡುತ್ತಾರೆ. ಆಗ ಚಿಕ್ಕಮುನಿಯಪ್ಪ ಎದ್ದು ಬಂದು ಗೆಳೆಯನ ಹೆಗಲು ಹಿಡಿದು ಮುಂದಕ್ಕೆ ಬಗ್ಗಿಸುತ್ತಾರೆ. ಅಂಗೈಯನ್ನು ಬೋಗುಣಿಯಂತೆ ಮಾಡಿ, ಇಲ್ಲಿ ಕಲಿತಂತೆ ಬೆನ್ನಿಗೆ ಬಡಿಯತೊಡಗುತ್ತಾರೆ. ವೆಂಕಟೇಶಪ್ಪ ಕೊಸರಾಡುತ್ತಾರೆ, ಬೈಯುತ್ತಾರೆ, ಆಮೇಲೆ ಕೆಮ್ಮುತ್ತಾರೆ. ಅನಸೂಯಮ್ಮ ಬೇಸಿನ್ ಹಿಡಿಯುತ್ತಾರೆ. ಬಹಳ ಹೊತ್ತಿನ ಮೇಲೆ ವೆಂಕಟೇಶಪ್ಪನವರ ಉಸಿರು ಸ್ವಲ್ಪ ಹಗುರಾಗುತ್ತದೆ. ಹಗುರಾದದ್ದಕ್ಕೆ ಅವರಿಗೆ ಖುಷಿಯೋ ಭಯವೋ, ಮುಖ ನೋಡಿದರೆ ತಿಳಿಯುವುದಿಲ್ಲ.

ಎಲ್ಲರೂ ಹೋದ ಮೇಲೆ ಅನಸೂಯಮ್ಮ ಕೊಳವೆಗಳನ್ನು ಬಿಸಿನೀರಿಗೆ ಹಾಕುತ್ತಾರೆ. "ಚೆನ್ನಾಗಿ ಊದಿದವ್ನು ಮತ್ತೆ ಅದೇ ದೂಳಿಗೆ ಇಳೀತಾನೆ. ಊದದವ್ನು ಕಫದಲ್ಲಿ ಸಿಕ್ಕೊಂಡು ಸಾಯ್ತಾನೆ. ನಾನು ಮಾಡ್ತಿರೋದು ಒಳ್ಳೇದೋ ಕೆಟ್ಟದ್ದೋ, ನೀವೇ ಏಳಿ ಸಾರ್," ಎನ್ನುತ್ತಾರೆ.  ಈ ಸಾಲು ಬರೆಯುವಾಗಲೂ ನನಗೆ ಅದು ಗೊತ್ತಿಲ್ಲ.

ಮಂಗಳವಾರ ಏನಾಗಲೆಂದು ದೇವರನ್ನು ಬೇಡಿಕೊಳ್ಳುತ್ತೀರಿ ಎಂದು ಕೇಳಿದೆ. ಕೊಳವೆಯೊಂದನ್ನು ಬೆಳಕಿಗೆ ಹಿಡಿದು ಒಳಗೆ ಕಸವಿದೆಯೇ ಎಂದು ನೋಡುತ್ತಲೇ ಅವರು ಹೇಳಿದರು:

"ಇಬ್ರಿಗೂ ಬೇಕಾದ್ದು ಸಿಗ್ಲಿ ಅಂದ್ರೆ, ಒಬ್ಬನಿಗೆ ರೋಗ ಇಲ್ಲ ಅನ್ಲಿ, ಇನ್ನೊಬ್ಬನಿಗೆ ಐತೆ ಅನ್ಲಿ ಅಂತ ಬೇಡ್ಕೋಬೇಕು. ಅಂಗೆ ಬೇಡ್ಕೊಳ್ಳೋಕೆ ಬಾಯಿ ಬರಲ್ಲ ಸಾರ್. ಬುಧವಾರ ಬೆಳಿಗ್ಗೆ ಇಬ್ರೂ ಇಲ್ಲಿಗೆ ಬರ್ಲಿ, ಅಷ್ಟೇ."