ಹಾಲಮ್ಮತ್ತೆಯ ಕೆಂಪು ಬಾಯಿ

ಹಾಲಮ್ಮತ್ತೆಯ ಬಾಯಿ ಬೆಳಗಿನ ಚಹಾಕ್ಕೂ ಮೊದಲೇ ಕೆಂಪಾಗಿರುತ್ತಿತ್ತು. ಎದ್ದವಳೇ ಮುಖಕ್ಕೆ ನೀರು ಹಾಕಿಕೊಂಡು, ಎಲೆಗೆ ಸುಣ್ಣ ಸವರಿ, ಅಡಿಕೆ, ಚೂರು ಹೊಗೆಸೊಪ್ಪು ಇಟ್ಟು ದವಡೆಗೆ ಒತ್ತಿಕೊಳ್ಳಬೇಕು. ಹೊಸ್ತಿಲು ಸಾರಿಸುವುದು ಆಮೇಲೆ. ಬಸವಾಪಟ್ಟಣದಲ್ಲಿ ನಮಗೂ ಅವಳಿಗೂ ಒಂದೇ ಗೋಡೆ. ರಕ್ತಸಂಬಂಧವೇನಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, "ಅತ್ತೆ ಅನ್ನು, ಬಾಯೇನು ಸವೆಯಲ್ಲ" ಎಂದಿದ್ದಳು. ಅಂದಿನಿಂದ ಅತ್ತೆ.

ಓಣಿಯಲ್ಲಿ ಯಾರು ಹಸು ತಂದರೂ ಅತ್ತೆಗೆ ಕರೆ ಬರುತ್ತಿತ್ತು. ಕೆಚ್ಚಲು, ಕೊಂಬು ಯಾವುದನ್ನೂ ನೋಡದೆ ಮೊದಲು ತುಟಿ ಬಿಡಿಸಿ ಹಲ್ಲು, ಒಸಡು ನೋಡುವಳು. "ಬಾಯಿ ಚಂದಿದ್ರೆ ಮೇವು ಹಿಡೀತೈತೆ, ಮೇವು ಹಿಡಿದ್ರೆ ಮೈ ಹಿಡೀತೈತೆ. ಉಳಿದಿದ್ದೆಲ್ಲ ಮಾರೋನ ಮಾತು."

ತನ್ನ ಬಾಯಿಗೆ ಮಾತ್ರ ಬೇರೆ ನ್ಯಾಯ. ಉಜ್ಜುವಾಗ ಒಸಡು ನೊಂದರೆ ಆ ಕಡೆ ಉಜ್ಜುವುದನ್ನೇ ಬಿಡುವಳು. ರೊಟ್ಟಿಯನ್ನು ಸಾರಲ್ಲಿ ನೆನೆಸಿ ತಿನ್ನತೊಡಗಿದಳು. ಹಲ್ಲು ಅಲ್ಲಾಡುತ್ತಿದೆಯಲ್ಲ, ತೋರಿಸೋಣ ಎಂದರೆ, "ಹಲ್ಲು ಕೀಳಿಸಿದ್ರೆ ಕಣ್ಣು ಹೋಗ್ತಾವೆ. ಮುದುಕಿ ಬಾಯಿ ಹಿಂಗೇ ಇರ್ತೈತೆ ಬಿಡು" ಎನ್ನುವಳು.

ಸಕ್ಕರೆ ಕಾಯಿಲೆ ಹಳೆಯದು. ಹೋದ ವರ್ಷ ಎಡವಿ ಹೆಬ್ಬೆರಳಿಗೆ ಆದ ಗಾಯ ಮಾಯಲೇ ಇಲ್ಲ. ಮಾತ್ರೆ ಹೆಚ್ಚಾಯಿತು, ರಾತ್ರಿ ಅನ್ನ ನಿಂತಿತು, ಚಹಾ ಸಪ್ಪೆಯಾಯಿತು, ಸಕ್ಕರೆ ಇಳಿಯಲಿಲ್ಲ. ಹಿಂಗೇ ಕೀವಾಗುತ್ತಿದ್ದರೆ ಬೆರಳು ತೆಗೆಯಬೇಕಾದೀತು ಎಂದರು ಚನ್ನಗಿರಿಯ ಡಾಕ್ಟರಮ್ಮ. ಹೊನ್ನಾಳಿಯಿಂದ ಬಂದಿದ್ದ ಮಗಳು ಶಾಂತಾ ಅಲ್ಲೇ ಅಳತೊಡಗಿದಳು. ಪಟ್ಟಿ ಕಟ್ಟಿ ಮುಗಿಸಿದ ಡಾಕ್ಟರಮ್ಮ, "ಅಜ್ಜಿ, ಬಾಯಿ ತೆಗೀರಿ" ಎಂದರು.

"ಕಾಲು ತೋರ್ಸಾಕೆ ಬಂದೀನ್ರೀ. ಬಾಯಿಗೇನಾಗೈತೆ?"

ಜೊತೆಗೆ ಹೋಗಿದ್ದ ನಾನು ಸುಮ್ಮನಿರಲಾರದೆ, "ಅತ್ತೆ, ಹಸಾ ತಂದ್ರೆ ಮೊದ್ಲು ಏನು ನೋಡ್ತೀಯ?" ಎಂದೆ.

"ನಾನೇನು ಹಸಾನೇನೇ?"

"ಹಸಾ ಆಗಿದ್ರೆ ಇಷ್ಟೊತ್ತಿಗೆ ಬಾಯಿ ತೆಗೀತಿತ್ತು," ಶಾಂತಾ ಅಳುತ್ತಲೇ ಗದರಿದಳು.

ಬಾಯಿ ತೆರೆದರೆ ಬರೀ ಕೆಂಪು. "ಇದು ಎಲೆಯಡಿಕೆನೋ, ರಕ್ತಾನೋ?" ಎಂದರು ಡಾಕ್ಟರಮ್ಮ. ಬಿಳಿಯ ಬೇಸಿನ್ನಿನಲ್ಲಿ ಮುಕ್ಕಳಿಸಿ ಮುಕ್ಕಳಿಸಿ ಉಗುಳಿಸಿದರು. ಅಡಿಕೆ ಚೂರೆಲ್ಲ ಹೋಗಿ ನೀರು ತಿಳಿಯಾಯಿತು. ಆಮೇಲೆ ಒಸಡು ಒತ್ತಿ ನೋಡಿ ಮತ್ತೆ ಉಗುಳಿಸಿದಾಗ ಬಂದದ್ದು ರಕ್ತ, ಜೊತೆಗೆ ಕೀವು.

"ಒಸಡಲ್ಲಿ ಸೋಂಕು ಕೂತಿದ್ರೆ ಸಕ್ಕರೆ ಹತೋಟಿಗೆ ಬರೋದು ಕಷ್ಟ. ಸಕ್ಕರೆ ಏರಿದ್ರೆ ಒಸಡು ಇನ್ನೂ ಕೆಡ್ತದೆ. ಗಾಯ ಮಾಯಬೇಕಂದ್ರೆ ಇದನ್ನೂ ನೋಡಿಸ್ಬೇಕು. ಹೊಗೆಸೊಪ್ಪು, ಎಲೆಯಡಿಕೆ ಎರಡೂ ಬಿಡ್ರಿ."

ಬಸ್ಸಿನಲ್ಲಿ ಅತ್ತೆ ಸೆರಗಿನಿಂದ ತುಟಿ ಒರೆಸಿ ಒರೆಸಿ ನೋಡಿಕೊಂಡಳು. ಊರು ಹತ್ತಿರ ಬಂದಾಗ ಮೆಲ್ಲಗೆ, "ಎಲೆ ಎಷ್ಟು ಚಂದ ಕೆಂಪಾಗೈತೆ ಅಂತ ಹಿಗ್ತಿದ್ನಲ್ಲೇ" ಎಂದಳು.

ಹಲ್ಲಿನ ಡಾಕ್ಟರು ಕೆಲವು ಸಲ ಕರೆಸಿ ಒಸಡಿನ ಕೆಳಗೆಲ್ಲ ಸ್ವಚ್ಛ ಮಾಡಿದರು. ಎರಡು ಹಲ್ಲು ಹೋದವು, ಕಣ್ಣು ಹೋಗಲಿಲ್ಲ. ಎಲೆಯಡಿಕೆ ಬಿಟ್ಟದ್ದೇ ದೊಡ್ಡ ರಾಮಾಯಣ. ಕೋಳಿ ಕೂಗಿದರೂ ಸಿಟ್ಟು. ಒಂದು ಮಧ್ಯಾಹ್ನ ಗೋಡೆಯಾಚೆಯಿಂದ, "ಬರೇ ಎಲೆ ತೊಟ್ಟು ಕೊಡೇ, ನಿಂಗೆ ಕೈ ಮುಗೀತೀನಿ" ಎಂದಳು. ನಾನು ಸೋಂಪು ಕೊಟ್ಟೆ. "ಹಿಂಗೂ ಒಬ್ಬಳು ನೆರೆಯವಳು" ಎಂದು ಬೈಯುತ್ತಲೇ ಬಾಯಿಗೆ ಹಾಕಿಕೊಂಡಳು.

ಸಕ್ಕರೆ ನಿಧಾನಕ್ಕೆ ಇಳಿಯಿತು. ಮಾತ್ರೆಯಿಂದಲೋ, ಪಥ್ಯದಿಂದಲೋ, ಬಾಯಿ ಸರಿಯಾದದ್ದರಿಂದಲೋ. ಎಲ್ಲ ಸೇರಿಯೇ ಇರಬೇಕು. ವಾರಕ್ಕೊಮ್ಮೆ ಬಂದು ಪಟ್ಟಿ ಬದಲಿಸುತ್ತಿದ್ದ ಶಾಂತಾ ಒಂದು ದಿನ, "ಅಕ್ಕಾ, ಬಾ ಇಲ್ಲಿ" ಎಂದು ಕೂಗಿದಳು. ಗಾಯ ಮುಚ್ಚಿಕೊಂಡಿತ್ತು. ಬೆರಳು ಉಳಿಯಿತು.

ಈ ವರ್ಷ ಬೇಸಿಗೆಗೆ ಮೊದಲು ಅತ್ತೆ ಜ್ವರದಲ್ಲಿ, ಹೆಚ್ಚು ನರಳದೆ ಹೋದಳು. ಕೊನೆಯ ಸ್ನಾನಕ್ಕೆ ನಾನು ತಂಬಿಗೆ ಹಿಡಿದು ನೀರು ಹಾಕುತ್ತಿದ್ದೆ, ಶಾಂತಾ ತೊಳೆಯುತ್ತಿದ್ದಳು. ಹೆಬ್ಬೆರಳಿಗೆ ಬಂದಾಗ ಅವಳ ಕೈ ನಿಂತಿತು. ಅಲ್ಲಿ ಮಾತ್ರ ಚರ್ಮ ತೆಳ್ಳಗೆ, ತಿಳಿ ಬಣ್ಣಕ್ಕಿತ್ತು.

"ಮೆತ್ತಗೆ ಹಾಕಕ್ಕ," ಎಂದಳು. "ಅಲ್ಲಿನ್ನೂ ಎಳೇದೈತೆ."