ಕರಿ ಪ್ಯಾಂಟಿನ ಮೇಲೆ ಬಿದ್ದ ಹೊಟ್ಟು

ದೇಶನೂರಿನ ಎರ್ರಿಸ್ವಾಮಿ ಬಳ್ಳಾರಿಗೆ ಬಂದು ಜೀನ್ಸ್ ಪ್ಯಾಂಟಿನ ಕೆಲಸಕ್ಕೆ ಸೇರಿ ಹದಿನೆಂಟು ವರ್ಷವಾಯಿತು. ಮೊದಲು ಗುಂಡಿ ಬಡಿದ, ಆಮೇಲೆ ಇಸ್ತ್ರಿ ಮಾಡಿದ, ಈಗ ದುರ್ಗೇಶನ ಯೂನಿಟ್ಟಿನಲ್ಲಿ ಚೆಕಿಂಗ್ ಮಾಸ್ಟರ್. ಹೊಲಿದು, ತೊಳೆದು, ಇಸ್ತ್ರಿಯಾಗಿ ಬಂದ ಪ್ರತಿಯೊಂದು ಪ್ಯಾಂಟೂ ಅವನ ಮೇಜಿನ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಮೈಚಾಚಿಯೇ ಮುಂದೆ ಹೋಗಬೇಕು. ಒಂದೇ ಒಂದು ಬಿಟ್ಟ ಹೊಲಿಗೆ ಕಂಡರೂ ಹೊಲಿದವರನ್ನು ಹೆಸರು ಹಿಡಿದು ಕರೆದು, ನಾಲ್ಕು ಮಂದಿಯ ಮುಂದೆ ತೋರಿಸಿ, ನೀರಿಳಿಸಿ ಕಳಿಸುತ್ತಿದ್ದ. ಎಲ್ಲರ ತಪ್ಪೂ ಕಾಣುವ ಈ ಮನುಷ್ಯ ತನ್ನ ತಲೆಯ ಮೇಲಿನ ಟೋಪಿಯನ್ನು ಮಾತ್ರ ಬಳ್ಳಾರಿಯ ಮೇ ತಿಂಗಳ ಬಿಸಿಲಿನಲ್ಲೂ ತೆಗೆಯುತ್ತಿರಲಿಲ್ಲ.

ಟೋಪಿಯ ಕೆಳಗೆ ಹೊಟ್ಟು. ಕೊಡವಿದರೆ ಹೋಗುವಂಥದ್ದಲ್ಲ, ಜಿಡ್ಡು ಜಿಡ್ಡಾಗಿ ಪದರ ಕಟ್ಟುವಂಥದ್ದು. ಹುಬ್ಬಿನಲ್ಲಿ, ಕಿವಿಯ ಹಿಂದೆ, ಮೂಗಿನ ಎರಡೂ ಬದಿಗೆ ಕೆಂಪಗೆ ಎದ್ದು ಉದುರುತ್ತಿತ್ತು. ಒಂದಷ್ಟು ದಿನ ಇಲ್ಲವಾಗುವುದು, ಇನ್ನೇನು ಹೋಯಿತು ಎಂದುಕೊಳ್ಳುವಷ್ಟರಲ್ಲಿ ತವರಿಗೆ ಬಂದಷ್ಟೇ ಸಲೀಸಾಗಿ ಬರುವುದು. ಹದಿನಾರನೆಯ ವಯಸ್ಸಿನಲ್ಲಿ ಸಿರುಗುಪ್ಪದ ಕಟಿಂಗ್ ಅಂಗಡಿಯಲ್ಲಿ ಕೂತಿದ್ದಾಗ ಅಂಗಡಿಯವನು, ಸರದಿಗೆ ಕಾದವರೆಲ್ಲ ಕೇಳುವ ಹಾಗೆ, "ಏನಲೇ, ತಲಿ ತೊಳಕೊಳ್ಳಂಗಿಲ್ಲೇನು? ನನ್ನ ಬಾಚಣಿಗಿ ಹಾಳು ಮಾಡಿದಿ" ಅಂದುಬಿಟ್ಟ. ಎಲ್ಲರೂ ನಕ್ಕರು. ಆ ನಗು ಎರ್ರಿಸ್ವಾಮಿಯ ಕಿವಿಯಿಂದ ಇನ್ನೂ ಹೋಗಿಲ್ಲ. ಅವತ್ತಿನಿಂದ ಅವನು ಕಟಿಂಗ್ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಮೊದಲು ಅವ್ವ, ಮದುವೆಯಾದ ಮೇಲೆ ಹೆಂಡತಿ ಶೀಲಾ, ಮನೆಯಲ್ಲೇ ಕತ್ತರಿ ಆಡಿಸುತ್ತ ಬಂದರು. ನಿಂಬೆಹಣ್ಣು, ಹುಳಿಮೊಸರು, ಮೆಂತ್ಯ, ಬೇವಿನಸೊಪ್ಪು ಎಲ್ಲ ಆಯಿತು. ತಲೆ ಒಣಗುವುದರಿಂದಲೇ ಹೊಟ್ಟು ಏಳುತ್ತದೆಂದು ದಿನಾ ಬೆಳಿಗ್ಗೆ ಹಣೆಗೆ ಇಳಿಯುವಷ್ಟು ಕೊಬ್ಬರಿ ಎಣ್ಣೆ ಸುರಿದುಕೊಳ್ಳುವುದಂತೂ ತಪ್ಪುತ್ತಿರಲಿಲ್ಲ.

ಅವನ ಮೇಜಿನ ಪಕ್ಕದಲ್ಲಿ ಪಾರಮ್ಮನ ಜಾಗ. ಐವತ್ತೈದು ದಾಟಿದ ಹೆಂಗಸು, ದಿನಾ ಕುರುಗೋಡಿನಿಂದ ಬಸ್ಸಿಗೆ ಬರುವವಳು. ಇವನು ಚೆಕ್ ಮಾಡಿ ತಳ್ಳಿದ ಪ್ಯಾಂಟನ್ನು ಮಡಚಿ, ತನ್ನ ನಂಬರಿನ ಚೀಟಿ ಇಟ್ಟು, ಕವರಿಗೆ ಹಾಕುವುದು ಅವಳ ಕೆಲಸ. ಗೋಡೆಯ ಮೊಳೆಗೆ ಒಂದು ಒದ್ದೆ ಬಟ್ಟೆ ನೇತುಹಾಕಿರುತ್ತಿದ್ದಳು. ಮಡಚುವ ಮೊದಲು ಪ್ರತಿ ಪ್ಯಾಂಟನ್ನೂ ಅದರಿಂದ ಒಂದು ಸಲ ಒರೆಸಲೇಬೇಕು.

"ದೇವರ ಪಟ ಒರಸಿದಂಗ ಒರಸ್ತೀಯಲ್ಲ ಪಾರಮ್ಮಕ್ಕ" ಎಂದು ಎರ್ರಿಸ್ವಾಮಿ ಕಾಡಿಸುತ್ತಿದ್ದ.

"ಇರಲಿ ಬಿಡಪಾ, ನನ್ನದೊಂದು ಚಟ" ಅನ್ನುತ್ತಿದ್ದಳು ಅವಳು.

ಹೋದ ಡಿಸೆಂಬರಿನಲ್ಲಿ ಪಾರಮ್ಮನ ಮಗಳಿಗೆ ಹೆರಿಗೆ ನೋವು ಬಂತು. ಸೀಜನ್ನಿನಲ್ಲಿ ರಜೆ ಕೇಳಿದವರನ್ನು ದುರ್ಗೇಶ ಮನೆಗೇ ಕಳಿಸುತ್ತಿದ್ದ, ತಿರುಗಿ ಬರದ ಹಾಗೆ. ಎರ್ರಿಸ್ವಾಮಿಯೇ, "ನೀ ಹೋಗಕ್ಕ, ಎರಡು ದಿನ ನಾ ನೋಡ್ಕೊಂತೀನಿ" ಎಂದ. ತಾನೇ ಮಡಚಿದ, ತಾನೇ ಕವರಿಗೆ ಹಾಕಿದ, ಪಾರಮ್ಮ ಇಲ್ಲವೆಂದು ಗೊತ್ತಾಗದಿರಲೆಂದು ಅವಳದೇ ಏಳನೇ ನಂಬರಿನ ಚೀಟಿ ಇಟ್ಟ. ಒರೆಸುವುದು ಮಾತ್ರ ಅವನಿಗೆ ನೆನಪಾಗಲಿಲ್ಲ. ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ, ಅದರಲ್ಲಿ ಎರಡು ಮಾತಿಲ್ಲ.

ವಾರ ಕಳೆಯುವಷ್ಟರಲ್ಲಿ, ಮಾಲು ಕೊಂಡ ಬಟ್ಟೆ ಅಂಗಡಿಯಿಂದ ಒಂದು ಬಂಡಲ್ ವಾಪಸ್ ಬಂತು. ಎಲ್ಲ ಅಚ್ಚ ಕರಿ ಪ್ಯಾಂಟುಗಳು. ದುರ್ಗೇಶ ಯೂನಿಟ್ಟಿನ ನಡುವೆ ನಿಂತು ಒಂದೊಂದೇ ಕವರು ಹರಿದು ಹರಡಿದ. ತೊಡೆಯ ಮೇಲೆ, ಜೇಬಿನ ಮೇಲೆ, ರವೆ ಚೆಲ್ಲಿದ ಹಾಗೆ ಬಿಳಿ ಪುಡಿ.

"ಇದು ದಾರದ ಧೂಳಲ್ಲ, ತಲಿ ಹೊಟ್ಟು. ಅಂಗಡಿಯವ ಫೋನಿನಾಗ ಬಾಯಿಗೆ ಬಂದಂಗ ಬೈದಾನ. ಯಾರದು ಏಳನೇ ನಂಬರು?"

ಎಲ್ಲರ ಕಣ್ಣೂ ಪಾರಮ್ಮನ ನರೆತ ತಲೆಯ ಮೇಲೆ. ಎರ್ರಿಸ್ವಾಮಿಗೆ ಟೋಪಿಯೊಳಗೆ ಬೆವರು ಕಿತ್ತುಕೊಂಡಿತು. ರಜೆಯ ಮಾತೆತ್ತಿದರೆ ಅವಳ ಕೆಲಸವೇ ಹೋದೀತು ಎಂದು ಮನಸ್ಸಿಗೆ ಸಮಜಾಯಿಷಿ ಕೊಟ್ಟುಕೊಂಡ. ಅದು ನಿಜವೇ. ಆದರೆ ರಜೆಯ ಮಾತು ಬಿಟ್ಟು, "ಹೊಟ್ಟು ನಂದು" ಎಂಬೆರಡು ಮಾತು ಆಡಬಹುದಿತ್ತಲ್ಲ? ಕಟಿಂಗ್ ಅಂಗಡಿಯ ನಗು ಕಿವಿಗೆ ಬಂತು. ಅವನು ತಲೆ ತಗ್ಗಿಸಿ ಮೇಜು ನೋಡುತ್ತ ನಿಂತ. ಪಾರಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಇನ್ನ ಮ್ಯಾಲ ಹಂಗ ಆಗಂಗಿಲ್ರಿ" ಎಂದಳು. ಅಷ್ಟೇ.

ಮರುದಿನದಿಂದ ಅವಳಿಗೆ ಹೊರಗಿನ ಕೆಲಸ. ತೊಳೆದು ಬಂದ ಪ್ಯಾಂಟುಗಳನ್ನು ಬಯಲಿನ ತಂತಿಗೆ ಹರವುವುದು, ಒಣಗಿದ್ದನ್ನು ತೆಗೆಯುವುದು. ಒದ್ದೆ ಜೀನ್ಸಿನ ಭಾರ ಎತ್ತಿದವರಿಗೇ ಗೊತ್ತು. ಅದಕ್ಕಿಂತ ಕೆಟ್ಟದ್ದು ಊಟದ ಹೊತ್ತು. ದಿನಾ ಜೊತೆಗೆ ಬುತ್ತಿ ಬಿಚ್ಚುತ್ತಿದ್ದ ಹೆಂಗಸರು, ಹೊಟ್ಟು ತಮಗೂ ಹತ್ತೀತೆಂದು ಒಂದೊಂದೇ ಗೇಣು ಆಚೆ ಸರಿದು ಕೂತರು. ಪಾರಮ್ಮ ಬೇವಿನ ಮರದ ಕೆಳಗೆ ಒಬ್ಬಳೇ ರೊಟ್ಟಿ ಮುರಿಯುವುದನ್ನು ಎರ್ರಿಸ್ವಾಮಿ ಕಿಟಕಿಯಿಂದ ನೋಡುತ್ತಿದ್ದ. ಆದರೂ ಬಾಯಿ ಬಿಡಲಿಲ್ಲ. ಬಿಡುವ ಬದಲು, ಸಿಕ್ಕಿಬೀಳುವ ಹೆದರಿಕೆಗೆ, ಇಪ್ಪತ್ತೈದು ವರ್ಷ ಹೋಗದವನು ಚರ್ಮದ ಡಾಕ್ಟರ ಹತ್ತಿರ ಹೋದ.

ಡಾಕ್ಟರಮ್ಮ ಅವನ ಟೋಪಿ ತೆಗೆಸಿ, ದೀಪ ಹಿಡಿದು ನೋಡಿದರು. ಅವನು ಕಣ್ಣು ಮುಚ್ಚಿಕೊಂಡಿದ್ದ.

"ಇದು ಹೊಲಸಿನಿಂದ ಬರೋದಲ್ಲ. ಎಲ್ಲಾರ ಚರ್ಮದ ಮ್ಯಾಲೂ ಬೂಷ್ಟಿನ ಜಾತೀದು ಒಂದು ಇರತೈತಿ. ಜಿಡ್ಡು ಇದ್ದಲ್ಲಿ ಹೆಚ್ಚಾಗತೈತಿ, ಕೆಲವರ ಮೈಗೆ ಅದು ಒಗ್ಗಂಗಿಲ್ಲ. ನೀವು ಸುರಕೊಳ್ಳೋ ಎಣ್ಣಿ ಅದಕ್ಕ ಊಟ. ಮೊದಲು ಅದನ್ನ ಬಿಡ್ರಿ."

"ಇನ್ನೊಬ್ರಿಗೆ ಹತ್ತತೈತೇನ್ರಿ ಮೇಡಮ್?"

"ಇಲ್ಲ. ಒಂದ ತಾಟಿನಾಗ ಉಂಡ್ರೂ ಹತ್ತಂಗಿಲ್ಲ."

ಈ ಮಾತು ಅವನಿಗೆ ಸಮಾಧಾನ ತರಬೇಕಿತ್ತು. ಅವನ ಕಣ್ಣ ಮುಂದೆ ಬಂದದ್ದು ಬೇವಿನ ಮರದ ಕೆಳಗಿನ ಪಾರಮ್ಮ.

ಔಷಧದ ಶಾಂಪೂ ವಾರಕ್ಕೆ ಎರಡು ಸಲ. ಹಚ್ಚಿದ ಕೂಡಲೇ ತೊಳೆಯದೆ ಐದು ನಿಮಿಷ ಬಿಡಬೇಕು. ಹುಬ್ಬಿಗೆ, ಮೂಗಿನ ಬದಿಗೆ ಸ್ವಲ್ಪ ದಿನ ಮುಲಾಮು. "ಪೂರ್ತಿ ಹೋಗತೈತಿ ಅನ್ಕೋಬ್ಯಾಡ್ರಿ, ಹತೋಟಿಗೆ ಬರತೈತಿ. ಕಮ್ಮಿ ಆದ ಮ್ಯಾಲೂ ವಾರಕ್ಕೊಮ್ಮೆ ಹಚ್ಚಬೇಕು. ಬಿಟ್ರೆ ತಿರುಗಿ ಬರತೈತಿ" ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು.

ಹೊಟ್ಟು ಕಮ್ಮಿಯಾಗುವ ತನಕ ಪ್ರತಿ ಪ್ಯಾಂಟನ್ನೂ ಯಾರೂ ನೋಡದ ಹಾಗೆ ಕೊಡವಿಯೇ ಮುಂದೆ ತಳ್ಳುತ್ತಿದ್ದ. ತಿಂಗಳೊಳಗೆ ತಲೆ ತಿಳಿಯಾಯಿತು. ಶೀಲಾ ಕೂದಲು ಬಿಡಿಸಿ ಬಿಡಿಸಿ ನೋಡಿ ಹಿಗ್ಗಿದಳು. ಯೂನಿಟ್ಟಿನಲ್ಲಿ ದುರ್ಗೇಶ ಕರಿ ಪ್ಯಾಂಟೊಂದನ್ನು ಬೆಳಕಿಗೆ ಹಿಡಿದು, ಎಲ್ಲರಿಗೂ ಕೇಳಿಸುವಂತೆ ಹೇಳಿದ: "ನೋಡಿದ್ಯಾ ಸ್ವಾಮಣ್ಣ? ಆ ಮುದುಕೀನ ಹೊರಗ ಹಾಕಿದ ಮ್ಯಾಲ ಒಂದು ಹೊಟ್ಟು ಐತೇನು? ಆಕಿದ ಅದು, ಖರೇ ಆತು."

ಎರ್ರಿಸ್ವಾಮಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತನ್ನ ತಲೆ ಚೊಕ್ಕಟವಾದದ್ದೇ ಅವಳ ಮೇಲಿನ ಸಾಕ್ಷಿಯಾಗಿತ್ತು. ಅವತ್ತು ಸಂಜೆ ಧೈರ್ಯ ಮಾಡಿ ದುರ್ಗೇಶನ ಕೋಣೆಗೆ ಹೋದ. "ಅವತ್ತಿನ ಹೊಟ್ಟು ನಂದು. ಬಗ್ಗಿ ಬಗ್ಗಿ ಚೆಕ್ ಮಾಡಿದವ ನಾನು" ಎಂದ.

"ನಿಂದಾ? ಟೋಪಿ ತಗಿ ನೋಡೋಣ."

ತೆಗೆದ. ದುರ್ಗೇಶ ಬಗ್ಗಿ ನೋಡಿ, ಬೆರಳಾಡಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಕನ್ನಡಿ ಇದ್ದಂಗೈತಲ್ಲೋ! ಆಕಿ ಮ್ಯಾಲ ಕನಿಕರ ಇರಲಿ, ಸುಳ್ಳು ಯಾಕ ಹೇಳ್ತಿ? ಹೋಗು, ಕೆಲಸ ನೋಡು."

ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಬಾಯಿಬಿಟ್ಟು ಹೇಳಿದರೆ ನಂಬುವವರಿಲ್ಲ! ಎರ್ರಿಸ್ವಾಮಿ ಮನೆಗೆ ಬಂದು ಶಾಂಪೂ ಬಾಟಲಿಯನ್ನು ಅಟ್ಟದ ಮೇಲಿಟ್ಟ. ಕೊಬ್ಬರಿ ಎಣ್ಣೆಯ ಡಬ್ಬಿ ಕೆಳಗಿಳಿಸಿದ.

"ನಿಮಗೇನಾರ ತಲಿ ಕೆಟ್ಟೈತೇನ್ರಿ?" ಎಂದು ಶೀಲಾ ಕೂಗಾಡಿದಳು. ಅವನು ನಡೆದದ್ದೆಲ್ಲ ಹೇಳಿದ. ಅವಳು ತಾನೇ ಡಬ್ಬಿ ತೆಗೆದುಕೊಂಡು ಅವನ ನೆತ್ತಿಗೆ ಎಣ್ಣೆ ಒತ್ತಿದಳು.

ಡಾಕ್ಟರಮ್ಮ ಹೇಳಿದ್ದು ಸುಳ್ಳಾಗಲಿಲ್ಲ. ಮೂರು ವಾರಕ್ಕೆ ತುರಿಕೆ, ಐದನೇ ವಾರಕ್ಕೆ ಹುಬ್ಬಿನ ತನಕ ಹೊಟ್ಟು. ಆ ಸೋಮವಾರ, ಎಲ್ಲರೂ ಮಷೀನಿನ ಮುಂದೆ ಕೂತಿದ್ದಾಗ, ದುರ್ಗೇಶ ಒಳಗೆ ಬಂದ ಹೊತ್ತು ನೋಡಿ, ಎರ್ರಿಸ್ವಾಮಿ ಒಂದು ಕರಿ ಪ್ಯಾಂಟನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿದ. ಟೋಪಿ ತೆಗೆದ. ಬಗ್ಗಿ ಎರಡೂ ಕೈಯಿಂದ ತಲೆ ಕೆರೆದ. ಮಷೀನುಗಳು ಒಂದೊಂದೇ ನಿಂತವು.

"ಬಂದು ನೋಡ್ರಿ ಎಲ್ಲಾರೂ. ಅವತ್ತಿಂದೂ ನಂದ. ಪಾರಮ್ಮಕ್ಕಂದಲ್ಲ. ಇದು ಯಾರಿಗೂ ಹತ್ತಂಗಿಲ್ಲ ಅಂತ ಡಾಕ್ಟರು ಹೇಳ್ಯಾರ. ನಾಚಿಗಿಗೆ ಬಾಯಿ ಮುಚಗೊಂಡಿದ್ದೆ."

ಯಾರೋ ಕಿಸಕ್ಕೆಂದರು. ಇವನು ಹೆಸರು ಹಿಡಿದು ಕರೆದು ತಪ್ಪು ತೋರಿಸಿದವರೇ ಅರ್ಧ ಮಂದಿ ಅಲ್ಲಿದ್ದರು. ದುರ್ಗೇಶ ಪ್ಯಾಂಟನ್ನೂ ಅವನ ಮುಖವನ್ನೂ ನೋಡಿ, "ಸಾಕು, ಟೋಪಿ ಹಾಕ್ಕೊಳಪಾ" ಎಂದು ಮೆಲ್ಲಗೆ ಹೇಳಿ, ಪಾರಮ್ಮನನ್ನು ಒಳಗೆ ಕರೆಯಲು ಹೇಳಿ ಹೋದ.

ಪಾರಮ್ಮ ಬಂದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಮೊಳೆಯ ಮೇಲೆ ಬಟ್ಟೆ ಒಣಗಿ ಸೆಟೆದು ನಿಂತಿತ್ತು. ಅದನ್ನು ನೀರಿಗೆ ಅದ್ದಿ ಹಿಂಡಿ, ಮೇಜಿನ ಮೇಲಿದ್ದ ಪ್ಯಾಂಟನ್ನು ಸೊಂಟದಿಂದ ಪಾದದವರೆಗೆ ಒರೆಸಿದಳು. ಬಿಳಿಯದೆಲ್ಲ ಹೋಯಿತು. ಆ ಕೈ ಹೋದ ದಾರಿ ನೋಡಿದ ಮೇಲೆ ಎರ್ರಿಸ್ವಾಮಿಗೆ ತಿಳಿಯಿತು.

"ಅಕ್ಕಾ, ನಿನಗ ಮೊದಲೇ ಗೊತ್ತಿತ್ತೇನು?"

"ನಾಕು ವರ್ಷದಿಂದ ಒರಸೀನಿ, ಗೊತ್ತಿರಂಗಿಲ್ಲೇನಪಾ? ನೀನು ನೊಂದ್ಕೊಂತಿ ಅಂತ ಹೇಳಲಿಲ್ಲ."

"ತಪ್ಪಾತು."

ಪಾರಮ್ಮ ಪ್ಯಾಂಟು ಮಡಚಿದಳು, ಚೀಟಿ ಇಟ್ಟಳು, ಕವರಿಗೆ ಹಾಕಿದಳು. ಆಮೇಲೆ ಹೇಳಿದಳು: "ನೀ ಹೇಳದಿದ್ದದ್ದಕ್ಕ ನಂಗ ಬ್ಯಾಸರಿಲ್ಲ. ಅವತ್ತು ನನ್ನ ಮುಖಾನಾದ್ರೂ ನೋಡಬೇಕಿತ್ತು ನೀನು."

ಎರ್ರಿಸ್ವಾಮಿ ಆಗಲೂ ಮೇಜನ್ನೇ ನೋಡುತ್ತಿದ್ದ. ಟೋಪಿ ಇನ್ನೂ ಕೈಯಲ್ಲೇ ಇತ್ತು. ತಲೆ ಎತ್ತಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಎತ್ತಿದಾಗ ಪಾರಮ್ಮ ಅವನನ್ನೇ ನೋಡುತ್ತ, ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು.

"ಮುಂದಿಂದು ಕೊಡಪಾ" ಎಂದಳು.