ಗಾಜಿನ ತೊಟ್ಟಿಗೆ ಒಂದು ಹಿಡಿ ಉಪ್ಪು

ಮೊನ್ನೆ ಅಡುಗೆಮನೆಯ ಕಿಟಕಿಗೆ ಗಾಜು ಕೂರಿಸಲು ಬಂದವನು ಅಂಚಿಗೆ ಮೆತ್ತುವ ಪುಟ್ಟಿಯನ್ನು ಅಂಗೈಯಲ್ಲಿ ಮಿದ್ದುತ್ತಿದ್ದ. ಅಗಸೆಣ್ಣೆಯ ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ಹಳೆಯದೆಲ್ಲ ಕಣ್ಣ ಮುಂದೆ ಬಂತು. ಎಂಬತ್ತರ ದಶಕದ ತಿಪಟೂರು, ನಮ್ಮ ಮನೆಯ ಮುಂದಿನ ಕೋಣೆ, ಅಲ್ಲಿ ಬಾಡಿಗೆಗಿದ್ದ ಬಯಾಲಜಿ ಟೀಚರ್...

ನಾನಾಗ ಹಂದನಕೆರೆಯಿಂದ ಬಂದು ಎರಡು ವರ್ಷವಾಗಿದ್ದ ಸೊಸೆ. ಟೀಚರ್ ಒಂಟಿ. ಕಬ್ಬಿಣದ ಚೌಕಟ್ಟು ಮಾಡಿಸಿ, ತಾವೇ ಪುಟ್ಟಿ ಮೆತ್ತಿ ಗಾಜಿನ ತೊಟ್ಟಿ ಕಟ್ಟಿದರು. ತಳಕ್ಕೆ ಕೆರೆಯ ಗೋಡುಮಣ್ಣು, ಮೇಲೆ ತೊಳೆದು ತೊಳೆದು ಬೆಳ್ಳಗಾದ ಮರಳು, ಅದರಲ್ಲಿ ಕೆರೆಯಿಂದಲೇ ತಂದ ನೀರುಗಿಡಗಳು. ಮೀನು ಮಾತ್ರ ಇಲ್ಲ. "ಮೊದ್ಲು ಬೇರು ಬಿಡ್ಲಿ, ನೀರು ಹದಕ್ಕೆ ಬರ್ಲಿ" ಎಂದು ಮೂರು ವಾರ ಬರೀ ಗಿಡಗಳನ್ನೇ ನೋಡುತ್ತಾ ಕೂತರು. ನನಗೆ ಒಳಗೊಳಗೇ ನಗು.

ಮೀನು ಬಂದ ದಿನ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ನಮ್ಮದು ಮಾಂಸ ಮೀನು ಮುಟ್ಟದ ಮನೆ. "ಸಾಕ್ಕೊಳಮ್ಮ. ಆದ್ರೆ ನಮ್ಮ ಸೂರಿನ ಕೆಳಗೆ ಒಂದು ಮೀನು ಸತ್ರೂ ಮನೆ ಖಾಲಿ ಮಾಡ್ಬೇಕು, ಈಗ್ಲೇ ಹೇಳಿವ್ನಿ."

ಟೀಚರ್ ಒಪ್ಪಿದರು. ಒಂಟಿ ಹೆಂಗಸಿಗೆ ಮನೆ ಕೊಡುವವರು ಊರಲ್ಲಿ ಇನ್ನೆಷ್ಟು ಜನ ಇದ್ದರು?

ಆರು ಪುಟ್ಟ ಮೀನು. ನಾಲ್ಕು ತಿಂಗಳಲ್ಲಿ ತೊಟ್ಟಿ ಹಸಿರೋ ಹಸಿರು. ಬಿಸಿಲು ಬಿದ್ದಾಗ ಎಲೆಗಳ ಮೇಲೆ ಸಣ್ಣ ಗುಳ್ಳೆ ಕೂರುತ್ತಿದ್ದವು. ನನ್ನ ಸಂಜೆಗಳೆಲ್ಲ ಅಲ್ಲೇ ಕಳೆಯುತ್ತಿದ್ದವು. ಟೀಚರ್ ನನ್ನನ್ನು ಗೆಳತಿಯಂತೆ ಕಂಡರು. ಆ ಮನೆಯಲ್ಲಿ ಹಾಗೆ ಕಂಡವರು ಅವರೊಬ್ಬರೇ.

ಒಮ್ಮೆ ನಾಲ್ಕು ದಿನ ತಮ್ಮೂರು ತುರುವೇಕೆರೆಗೆ ಹೊರಟವರು ಬೀಗದ ಕೈ ನನಗೆ ಕೊಟ್ಟರು. "ದಿನಾ ಒಂದು ಚಿಟಿಕೆ ಆಹಾರ ಹಾಕಿ. ಇನ್ನೇನೂ ಮುಟ್ಬೇಡಿ ಕಣ್ರೀ."

ಮೂರನೆಯ ದಿನ ಒಂದು ಗಿಡದ ಎಲೆ ಹಳದಿಯಾಗಿತ್ತು. ನಾನು ತೋಟದ ಮನೆಯ ಮಗಳು. ತೆಂಗಿನ ಸಸಿ ನೆಡುವಾಗ ನಮ್ಮಪ್ಪ ಗುಂಡಿಗೆ ಹಳೆಗೊಬ್ಬರ, ಒಂದು ಹಿಡಿ ಉಪ್ಪು ಹಾಕದೆ ಮಣ್ಣು ಮುಚ್ಚಿದವರಲ್ಲ. ಪಾಪ, ಗಿಡ ಹಸಿದಿದೆ ಅನ್ನಿಸಿತು. ನನ್ನ ಅತಿಬುದ್ಧಿಗಿಷ್ಟು! ಹಿತ್ತಲಿನ ಗೊಬ್ಬರ, ಕಲ್ಲುಪ್ಪು ಎರಡನ್ನೂ ಬೇರಿನ ಬುಡಕ್ಕೆ ಒತ್ತಿ ಬಂದೆ.

ಮರುದಿನ ಬೆಳಿಗ್ಗೆ ನೀರು ಕಲಗಚ್ಚಿನಂತಾಗಿತ್ತು. ಆರೂ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಒಳಗೆ ಅತ್ತೆಯ ಪೂಜೆಯ ಗಂಟೆ. ಅದು ನಿಂತರೆ ಅವರು ಹೊರಗೆ ಬರುತ್ತಾರೆ... ಚೆಂಬಿನಲ್ಲಿ ನೀರು ಮೊಗೆದು ಚೆಲ್ಲಿದೆ, ಬಾವಿಯಿಂದ ಸೇದಿ ತಂದು ಸುರಿದೆ, ಮತ್ತೆ ಮೊಗೆದೆ. ಗಂಟೆ ನಿಂತ ಹೊತ್ತಿಗೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಹಿತ್ತಲಲ್ಲಿ ಹೂತೆ.

ಮಧ್ಯಾಹ್ನದ ಬಸ್ಸಿಗೆ ಟೀಚರ್ ಬಂದರು. ತೊಟ್ಟಿಗೆ ಬೆರಳದ್ದಿ ನಾಲಿಗೆಗೆ ತಾಕಿಸಿಕೊಂಡರು. ನನ್ನ ಮುಖ ನೋಡಿದರು. ರಬ್ಬರ್ ಪೈಪು ಇಳಿಬಿಟ್ಟು ತಳದ ಕೊಳೆ ಎಳೆಯತೊಡಗಿದರು. ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ.

"ಒಂದು ಕಮ್ಮಿ ಐತಲ್ಲಮ್ಮ?"

ಮೀನಿನ ಕಡೆ ತಿರುಗಿಯೂ ನೋಡುವುದಿಲ್ಲ ಎನ್ನುತ್ತಿದ್ದವರು ಎಣಿಸಿ ಇಟ್ಟುಕೊಂಡಿದ್ದರು! ನಾನು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಮುದುಡಿಕೊಂಡೆ.

"ಸತ್ತೋಯ್ತು ಕಣಮ್ಮ" ಎಂದರು ಟೀಚರ್. "ಹೋಗೋವಾಗ ನಾನೇ ಏನೋ ಹೆಚ್ಚುಕಮ್ಮಿ ಹಾಕ್ಬುಟ್ಟಿದ್ದೆ."

ಅತ್ತೆ ಮಾತಿಗೆ ತಪ್ಪುವವರಲ್ಲ. ಭಾನುವಾರ ಟೀಚರ್ ಸಾಮಾನು ಸಾಗಿಸಲು ಗಾಡಿ ಬಂತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವಳು ನಾನು, ಉಂಡವರು ಅವರು. ಉಳಿದ ಐದು ಮೀನು ಬಿಂದಿಗೆಯಲ್ಲಿ, ಗಿಡಗಳು ಒದ್ದೆ ಪೇಪರಿನಲ್ಲಿ. ಗಾಡಿ ಹತ್ತುವ ಮುಂಚೆ ಟೀಚರ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಗಿಡಕ್ಕೆ ಹಸಿವಾಗಿರ್ಲಿಲ್ಲ ಕಣ್ರೀ. ಹಳೇ ಎಲೆ ಉದುರ್ತಿತ್ತು, ಅಷ್ಟೆ."

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಈ ವಾರ ತುರುವೇಕೆರೆಯ ಕಡೆಯವರನ್ನು ವಿಚಾರಿಸಿದೆ. ಟೀಚರ್ ಕೂಡ ಇಲ್ಲವಂತೆ. ಅವತ್ತು ನಾನು ಹೇಳಬೇಕಾಗಿದ್ದದ್ದು ಮೂರೇ ಪದ. ನಿನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಗಟ್ಟಿಯಾಗಿ ಹೇಳಿ ನೋಡಿದೆ: "ನಾನೇ ಹಾಕಿದ್ದು, ಅತ್ತೆ."

ಅಷ್ಟೇನೂ ಕಷ್ಟವಿರಲಿಲ್ಲ.